ಸ್ವಂತ ಕೈಯಲ್ಲಿ ಕಟ್ಟುವ ಪ್ರವಾಸದ ಲಾರಿಗೆ ಯಾವ ಸಾಮಾನು ಈಗ, ಯಾವುದು ಆಮೇಲೆ?

ನೀವು ಕೇಳಿದ್ದು ಇದು: ಹಳೆಯ ಮಿನಿ ಲಾರಿಯ ಮೇಲೆ ನೀವೇ ಮನೆ ಕಟ್ಟುತ್ತಿದ್ದೀರಿ. ಕರೆಂಟ್ ಕನೆಕ್ಷನ್ ಇಲ್ಲದ ಜಾಗದಲ್ಲಿ ಒಂದೆರಡು ವಾರ ನಿಲ್ಲಬೇಕು, ಒಮ್ಮೆ ಲಡಾಖ್ ತನಕವೂ ಹೋಗಬೇಕು. ಏಸಿ, ಇಂಡಕ್ಷನ್ ಒಲೆ, ಫ್ರಿಜ್, ಹೀಟರ್, ಹೂತುಹೋದ ಗಾಡಿಯನ್ನು ಎಳೆಯುವ ವಿಂಚ್, ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸ್ಯಾಟಲೈಟ್ ಕಮ್ಯುನಿಕೇಟರ್ ಎಲ್ಲ ಪಟ್ಟಿಯಲ್ಲಿ ಉಂಟು, ಆದರೆ ಎಲ್ಲದಕ್ಕೂ ದುಡ್ಡು ಸಾಲದು. ಯಾವುದನ್ನು ಬಿಡಲಿ?

ಗೋಡೆಯ ಹಿಂದೆ ಹೋಗುವುದಕ್ಕೆ ಈಗ ಧಾರಾಳವಾಗಿ ಖರ್ಚು ಮಾಡಿ. ಗೋಡೆಯ ಮುಂದೆ ಕಾಣುವುದನ್ನು ಆಮೇಲೆ ಒಂದೊಂದಾಗಿ ತಗೊಳ್ಳಿ. ವೈರು, ಫ್ಯೂಸು, ಬಿಸಿಲು ಚಳಿ ತಡೆಯುವ ಫೋಮು, ನೀರಿನ ಪೈಪು ಇವನ್ನೆಲ್ಲ ಪ್ಲೈವುಡ್ ಹೊಡೆದ ಮೇಲೆ ಬದಲಾಯಿಸಬೇಕಾದರೆ ಅರ್ಧ ಮನೆಯನ್ನೇ ಬಿಚ್ಚಬೇಕು. ಫ್ರಿಜ್ ಬದಲಾಯಿಸಲು ನಾಲ್ಕು ಸ್ಕ್ರೂ ಬಿಚ್ಚಿದರೆ ಆಯಿತು. ನಾನು ಕಾಸರಗೋಡಿನ ಮುಳ್ಳೇರಿಯ ಕಡೆಯವನು. ಸೋಲಾರ್ ಮತ್ತು ವೈರಿಂಗ್ ಕೆಲಸ ಮಾಡುತ್ತೇನೆ, ತೋಟದ ಪಂಪಿನಿಂದ ಹಿಡಿದು ಇಂಥ ಗಾಡಿಗಳ ತನಕ. ಹಾಗಾಗಿ ಕರೆಂಟಿನ ವಿಷಯದಲ್ಲಿ ಸ್ವಲ್ಪ ಉದ್ದ ಬರೆಯುತ್ತೇನೆ.

ದಿನದ ಲೆಕ್ಕವನ್ನು ಕಾಗದದಲ್ಲಿ ಬರೆಯದೆ ಒಂದು ಸಾಮಾನೂ ತಗೊಳ್ಳಬೇಡಿ. 12 ವೋಲ್ಟಿನ, 40-50 ಲೀಟರಿನ ಕಂಪ್ರೆಸರ್ ಫ್ರಿಜ್ ನಮ್ಮ ಕರಾವಳಿಯ ಸೆಕೆಯಲ್ಲಿ ದಿನಕ್ಕೆ ಹೆಚ್ಚುಕಡಿಮೆ 500 ವ್ಯಾಟ್ ಅವರ್ (ವ್ಯಾಟನ್ನು ಗಂಟೆಯಿಂದ ಗುಣಿಸಿದ ಲೆಕ್ಕ) ತಿನ್ನುತ್ತದೆ. 25 ವ್ಯಾಟಿನ ಫ್ಯಾನ್ ಹತ್ತು ಗಂಟೆ ತಿರುಗಿದರೆ 250. ಲೈಟು, ಫೋನು, ಲ್ಯಾಪ್‌ಟಾಪು, ನೀರಿನ ಪಂಪು ಸೇರಿ 350 ಅಂತ ಇಟ್ಟುಕೊಳ್ಳಿ. ಒಟ್ಟು 1100 ಆಯಿತು. ಈಗ ಇಂಡಕ್ಷನ್ ಒಲೆ ನೋಡಿ. 1800 ವ್ಯಾಟಿನಲ್ಲಿ 40 ನಿಮಿಷ ಉರಿಸಿದರೆ 1200. ಒಂದು ಹೊತ್ತಿನ ಅಡುಗೆ ಇಡೀ ದಿನದ ಉಳಿದೆಲ್ಲ ಖರ್ಚನ್ನು ಮೀರಿಸಿತು, ಅಲ್ವಾ? ನಮ್ಮ ಹಾಗೆ ಕುಚ್ಚಲಕ್ಕಿ ಉಣ್ಣುವವರಾದರೆ ಇನ್ನೂ ಜಾಸ್ತಿ. ಏಸಿಯಂತೂ, 1 ಟನ್ನಿನ ಇನ್ವರ್ಟರ್ ಏಸಿ ಸರಾಸರಿ 600 ವ್ಯಾಟ್ ಎಳೆದರೂ ಎಂಟು ಗಂಟೆಗೆ 4800.

ಇದಕ್ಕೆ ಎದುರಾಗಿ ಬ್ಯಾಟರಿ ಇಡಿ. 200 ಎಎಚ್‌ನ (ಆಂಪಿಯರ್ ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 12.8 ವೋಲ್ಟಿಗೆ 2560 ವ್ಯಾಟ್ ಅವರ್ ಇರುತ್ತದೆ. ಒಲೆ, ಏಸಿ ಇಲ್ಲದಿದ್ದರೆ ಬಿಸಿಲೇ ಇಲ್ಲದೆ ಎರಡು ದಿನ ಬರುತ್ತದೆ. ಏಸಿ ಹಾಕಿದರೆ ನಡುರಾತ್ರಿಗೆ ಖಾಲಿ. ಮನೆಯ ಇನ್ವರ್ಟರಿನ ಹಳೆಯ ಟ್ಯೂಬುಲರ್ ಬ್ಯಾಟರಿ ಉಂಟಲ್ಲ ಅಂತ ಅದನ್ನೇ ಏರಿಸಬೇಡಿ. ಅದರ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡುತ್ತಾ ಹೋದರೆ ಆಯುಷ್ಯ ಬೇಗ ಮುಗಿಯುತ್ತದೆ, ಭಾರ ಬೇರೆ.

400 ವ್ಯಾಟಿನ ಸೋಲಾರ್ ಪ್ಯಾನೆಲ್ ಗಾಡಿಯ ಮಾಡಿನ (ಛಾವಣಿಯ) ಮೇಲೆ ಚಪ್ಪಟೆ ಮಲಗಿದ್ದರೂ ಜನವರಿ-ಫೆಬ್ರವರಿಯ ಬಿಸಿಲಿಗೆ ದಿನಕ್ಕೆ 1500 ವ್ಯಾಟ್ ಅವರಿನ ಆಸುಪಾಸು ಕೊಡುತ್ತದೆ. ಆದರೆ ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಜುಲೈಯಲ್ಲಿ ಮಳೆ ಹಿಡಿದು ಕೂತರೆ ಅದರ ಕಾಲು ಭಾಗ ಸಿಕ್ಕಿದರೂ ದೊಡ್ಡದು. ತಂಪು ಅಂತ ಅಡಿಕೆ ತೋಟದ ಬದಿಯಲ್ಲಿ ಗಾಡಿ ನಿಲ್ಲಿಸಿದರೆ ಬೇಸಿಗೆಯಲ್ಲೂ ಅದೇ ಕಥೆ. ಸರಣಿಯಲ್ಲಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಒಂದರ ಮೇಲೆ ಸೋಗೆಯ ನೆರಳು ಬಿದ್ದರೂ ಒಟ್ಟು ಉತ್ಪಾದನೆ ಕುಸಿಯುತ್ತದೆ. ಆದ್ದರಿಂದ ಸಿಕ್ಕಿದ ಬಿಸಿಲಿನಿಂದ ಆದಷ್ಟು ಜಾಸ್ತಿ ಕರೆಂಟ್ ತೆಗೆಯುವ ಎಂಪಿಪಿಟಿ ಚಾರ್ಜ್ ಕಂಟ್ರೋಲರ್ ಹಾಕಿ. ಅದರ ಜತೆಗೆ ಇಂಜಿನ್ ಓಡುವಾಗ ಕರೆಂಟ್ ಕೊಡುವ ಲಾರಿಯ ಆಲ್ಟರ್ನೇಟರಿನಿಂದ ಮನೆಯ ಬ್ಯಾಟರಿಗೆ ಒಂದು ಡಿಸಿ ಟು ಡಿಸಿ ಚಾರ್ಜರ್ ಬೇಕೇ ಬೇಕು. 30 ಆಂಪಿಯರಿನದ್ದಾದರೆ ಮೂರು ಗಂಟೆ ಓಡಿಸಿದಾಗ 1200 ವ್ಯಾಟ್ ಅವರ್ ತುಂಬುತ್ತದೆ, ಹೊರಗೆ ಎಂಥ ಮಳೆ ಇದ್ದರೂ. ನಿಮ್ಮ ಪಟ್ಟಿಯಲ್ಲಿ ಇದೇ ಇಲ್ಲ. ನನ್ನ ಪ್ರಕಾರ ಮೊದಲು ಬರೆಯಬೇಕಾದದ್ದು ಇದು.

ನೋಡಲು ಸಣ್ಣದಾದ ಇನ್ನೊಂದು ಸಾಮಾನು ಶಂಟ್ ಇರುವ ಬ್ಯಾಟರಿ ಮಾನಿಟರ್. ಲಿಥಿಯಂ ಬ್ಯಾಟರಿಯ ವೋಲ್ಟೇಜು ಮುಕ್ಕಾಲು ತುಂಬಿದ್ದಾಗಲೂ ಅರ್ಧಕ್ಕೆ ಇಳಿದಾಗಲೂ ಹೆಚ್ಚುಕಡಿಮೆ ಒಂದೇ. ವೋಲ್ಟ್ ಮೀಟರ್ ನೋಡಿ ಏನೂ ತಿಳಿಯುವುದಿಲ್ಲ. ಒಳಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ಎಣಿಸುವ ಶಂಟ್ ಇದ್ದರೆ ಮಾತ್ರ ಎಷ್ಟು ಉಳಿದಿದೆ ಅಂತ ಗೊತ್ತಾಗುತ್ತದೆ. ಇನ್ವರ್ಟರ್ 1000 ವ್ಯಾಟಿನ ಪ್ಯೂರ್ ಸೈನ್ (ಮನೆಯ ಲೈನಿನಂಥದ್ದೇ ಕರೆಂಟ್ ಕೊಡುವಂಥದ್ದು) ಸಾಕು. ಅದರ ಸ್ವಿಚ್ಚು ಕೈಗೆ ಸಿಗುವ ಕಡೆ ಇರಲಿ. ಏನೂ ಓಡಿಸದೆ ಸುಮ್ನೆ ಆನ್ ಇದ್ದರೂ 15 ವ್ಯಾಟ್ ಎಳೆಯುವ ಇನ್ವರ್ಟರ್ ದಿನಕ್ಕೆ 360 ನುಂಗುತ್ತದೆ. ನಿಮ್ಮ ಫ್ಯಾನಿಗಿಂತ ಜಾಸ್ತಿ ಅದು.

ಇನ್ನು ವೈರು. ದಯವಿಟ್ಟು ಇಲ್ಲಿ ಉಳಿಸಲು ಹೋಗಬೇಡಿ ಮಾರಾಯ್ರೆ. 12 ವೋಲ್ಟಿನಲ್ಲಿ 2000 ವ್ಯಾಟ್ ಎಳೆದರೆ 160 ಆಂಪಿಯರ್ ದಾಟುತ್ತದೆ. ಅದಕ್ಕೆ ಹೆಬ್ಬೆರಳು ಗಾತ್ರದ ತಾಮ್ರದ ಕೇಬಲ್ ಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಬೇಕು. ಇಂಡಕ್ಷನ್ ಬೇಡ ಅನ್ನಲು ಇದೂ ಒಂದು ಕಾರಣ. ಕುಂಬಳೆ, ಬೇಕಲದಂಥ ಕಡಲ ಬದಿಯ ಗಾಳಿಗೆ ಬರಿ ತಾಮ್ರ ಹಸಿರು ಹಿಡಿಯುತ್ತದೆ, ಹಾಗಾಗಿ ತವರ ಲೇಪಿಸಿದ ವೈರು ಸಿಕ್ಕಿದರೆ ಒಳ್ಳೆಯದು. ಎಲ್ಲ ವೈರೂ ಪೈಪಿನೊಳಗೆ ಹೋಗಲಿ. ಅಡಿಕೆ ರಾಶಿಯ ಹತ್ತಿರ ನಿಲ್ಲಿಸಿದ ಗಾಡಿಗೆ ಇಲಿ ಹೋಗದೆ ಇರುವುದಿಲ್ಲ. ಮುಂದೆ ಬೇಕಾಗಬಹುದು ಅನಿಸಿದ ಪ್ರತಿ ಸಾಮಾನಿಗೂ ಈಗಲೇ ಖಾಲಿ ಪೈಪ್ ಎಳೆದು, ತುದಿಗೆ ಚೀಟಿ ಅಂಟಿಸಿ ಬಿಡಿ.

ಏಸಿಯ ದುಡ್ಡನ್ನು ಮಾಡಿಗೆ ಹಾಕಿ. ಮೇಲೆ ಬಿಳಿ ಬಣ್ಣ, ಒಳಗೆ ನೈಟ್ರೈಲ್ ರಬ್ಬರ್ ಅಥವಾ ಎಕ್ಸ್‌ಪಿಎಸ್ ಫೋಮು, ಮಾಡಿನಲ್ಲಿ ಗಾಳಿ ಹೊರಗೆಳೆಯುವ ಫ್ಯಾನು. ಗ್ಲಾಸ್ ವೂಲ್ ಬೇಡ, ತೇವ ಹಿಡಿದುಕೊಳ್ಳುತ್ತದೆ. ಹಾಸಿಗೆಯ ಕೆಳಗೆ ಪಟ್ಟಿ ಹಲಗೆ ಹಾಕಿ ಗಾಳಿ ಆಡಲು ಬಿಡದಿದ್ದರೆ ಒಂದೇ ಮಳೆಗಾಲದಲ್ಲಿ ಬೂಸ್ಟು ಬರುತ್ತದೆ. ಇದೇ ಫೋಮು ಲಡಾಖಿನಲ್ಲಿ ಚಳಿಯನ್ನೂ ತಡೆಯುತ್ತದೆ.

ಅಡುಗೆಗೆ 5 ಕೆ.ಜಿ.ಯ ಗ್ಯಾಸ್ ಸಿಲಿಂಡರ್ ಮತ್ತು ಪ್ರೆಷರ್ ಕುಕ್ಕರ್. ಲೇಹ್ 3500 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಕುಕ್ಕರ್ ಇಲ್ಲದೆ ಅನ್ನ, ಬೇಳೆ ಯಾವುದೂ ಸರಿಯಾಗಿ ಬೇಯುವುದಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ತುಂಬುತ್ತದೆ. ಸಿಲಿಂಡರಿನ ಗೂಡಿಗೆ ತಳದಲ್ಲಿ ಹೊರಗೆ ತೆರೆಯುವ ಕಂಡಿ ಇರಲಿ, ಗ್ಯಾಸ್ ಅಲಾರಂ ನೆಲದ ಹತ್ತಿರ ಇರಲಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಬೇರೆಯೇ ಬೇಕು, ಅದು ಮಲಗುವ ಜಾಗದ ಹತ್ತಿರ. ಈ ಎರಡು ಅಲಾರಂ ಮತ್ತು ಒಂದು ಅಗ್ನಿಶಾಮಕ ಸಿಲಿಂಡರ್, ಇಷ್ಟನ್ನು ಆಮೇಲೆ ತಗೊಳ್ಳೋಣ ಅಂತ ಮುಂದೂಡಬೇಡಿ. ಒಳಗೆ ಮಲಗುವ ಜೀವಗಳ ಪ್ರಶ್ನೆ.

ಚಳಿಯ ಊರಿಗೆ ಹೋಗುವ ವರ್ಷ ಡೀಸೆಲ್ ಹೀಟರ್ ಯೋಚಿಸಿ, ಈಗ ಅದಕ್ಕೆ ಜಾಗ ಮಾತ್ರ ಬಿಡಿ. ಎತ್ತರದಲ್ಲಿ ಗಾಳಿ ತೆಳುವಾಗಿ ಅದರೊಳಗೆ ಮಸಿ ಕಟ್ಟುತ್ತದೆ, ಎತ್ತರಕ್ಕೆ ಹೊಂದಿಸಲು ಬರುವ ಮಾಡೆಲ್ ಬೇಕು. ಲಿಥಿಯಂ ಬ್ಯಾಟರಿಯನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೇ ಹಾಳಾಗುತ್ತದೆ. ಚಳಿಗೆ ಚಾರ್ಜಿಂಗ್ ತಾನೇ ನಿಲ್ಲಿಸುವ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಉಂಟಾ ಅಂತ ಅಂಗಡಿಯಲ್ಲಿ ಕೇಳಿಯೇ ತಗೊಳ್ಳಿ, ಬ್ಯಾಟರಿಯನ್ನು ಮನೆಯೊಳಗೇ ಇಡಿ. ಡೀಸೆಲ್ ಕೂಡ ಚಳಿಗೆ ಗಟ್ಟಿಯಾಗುತ್ತದೆ. ಇಂಡಿಯನ್ ಆಯಿಲ್ 2019ರಲ್ಲಿ ಲಡಾಖಿಗೆ ಮೈನಸ್ 33 ಡಿಗ್ರಿಯ ತನಕ ಹರಿಯುವ ಚಳಿಗಾಲದ ಡೀಸೆಲ್ ತಂದದ್ದು ಇದೇ ಕಾರಣಕ್ಕೆ. ಹಿಮದ ದಿನಗಳಲ್ಲಿ ಹೋಗುವುದಾದರೆ ಅಲ್ಲಿ ಅದನ್ನೇ ತುಂಬಿಸಿ.

ಸ್ಯಾಟಲೈಟ್ ಕಮ್ಯುನಿಕೇಟರ್ ವಿಷಯದಲ್ಲಿ ಎಚ್ಚರಿಕೆ. ಹೊರದೇಶದವರ ವಿಡಿಯೋದಲ್ಲಿ ಎಲ್ಲರ ಕೈಯಲ್ಲೂ ಅದು ಇರುತ್ತದೆ. ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಂಡರೆ ಕೇಸು ಬೀಳುತ್ತದೆ, ಗಡಿ ಪ್ರದೇಶದಲ್ಲಂತೂ ತುಂಬ ಕಷ್ಟ. ಅದರ ಬದಲು ಪೋಸ್ಟ್‌ಪೇಯ್ಡ್ ಸಿಮ್ ಒಯ್ಯಿರಿ, ನಮ್ಮ ಕಡೆಯ ಪ್ರೀಪೇಯ್ಡ್ ಲಡಾಖಿನಲ್ಲಿ ನಡೆಯುವುದಿಲ್ಲ.

ವಿಂಚ್ ಬೇಡ. ಗಾಡಿಯ ಒಟ್ಟು ಭಾರದ ಒಂದೂವರೆ ಪಟ್ಟು ಎಳೆಯುವಂಥದ್ದು ಬೇಕು, ಮುಂದಿನ ಬಂಪರ್ ಬದಲಾಯಿಸಬೇಕು. ಗುದ್ದಲಿ, ಮರದ ದಿಮ್ಮಿ ಎಳೆಯುವವರ ಕೈ ವಿಂಚ್, ಚಕ್ರದಡಿಗೆ ಎರಡು ಗಟ್ಟಿ ಹಲಗೆ, ಟಯರಿಗೆ ಗಾಳಿ ಹಾಕುವ ಪಂಪು ಸಾಕು. ನಮ್ಮ ಕೆಸರಿನಲ್ಲಿ ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಹಾಕಿಯೇ ಪಿಕಪ್ ಹತ್ತಿಸುತ್ತೇವೆ. ಏರ್ ಬ್ರೇಕಿನ ಲಾರಿಯಾದರೆ ಪಂಪೂ ಬೇಡ, ಅದರ ಟ್ಯಾಂಕಿನಿಂದಲೇ ಗಾಳಿ ಹಿಡಿಯಬಹುದು.

ಈ ಎಲ್ಲಕ್ಕೂ ಮೊದಲು ಆರ್‌ಟಿಓ ಆಫೀಸಿಗೆ ಹೋಗಿ ಬನ್ನಿ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕಿಂತ ಗಾಡಿ ಬೇರೆ ಆಗುವ ಹಾಗೆ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ್ದೇ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಕ್ಕಾಗಿ ಹೇಳಿತು. ನಿಮ್ಮ ಡ್ರಾಯಿಂಗ್ ತೋರಿಸಿ, ಲಿಖಿತ ಅನುಮತಿ ಸಿಕ್ಕಿದ ಮೇಲೆ ಕಬ್ಬಿಣ ಕತ್ತರಿಸಿ. ಬಂಪರಿನ ಮುಂದಿನ ಕಬ್ಬಿಣದ ಬುಲ್ ಬಾರ್, ಮಾಡಿನ ಮೇಲಿನ ಎಲ್‌ಇಡಿ ಲೈಟು ಹಾಕುವ ಯೋಚನೆ ಇದ್ದರೆ ಬಿಟ್ಟುಬಿಡಿ. ಗಡಿಯ ತಲಪಾಡಿ ದಾಟಿ ಈಚೆ ಕೇರಳಕ್ಕೆ ಬಂದರೆ ಇದಕ್ಕೆಲ್ಲ ದಂಡ ಬೀಳುವುದು ಬೇಗ.

ನೀರು 1 ಲೀಟರಿಗೆ 1 ಕೆ.ಜಿ. 150 ಲೀಟರಿನ ಟ್ಯಾಂಕಿ ತುಂಬಿದರೆ ಇಬ್ಬರು ಜನ ಹೆಚ್ಚುವರಿ ಕೂತ ಭಾರ. ಖಾಲಿ ಚಾಸಿಯನ್ನು ಒಮ್ಮೆ ವೇ ಬ್ರಿಡ್ಜಿನಲ್ಲಿ ತೂಗಿ, ಮುಂದಿನ ಮತ್ತು ಹಿಂದಿನ ಆಕ್ಸಲ್ ಬೇರೆ ಬೇರೆಯಾಗಿ. ಆ ಎರಡು ಅಂಕಿ, ಲಾರಿ 12 ವೋಲ್ಟಿನದ್ದಾ 24ರದ್ದಾ, ಬ್ಯಾಟರಿಯಿಂದ ಇನ್ವರ್ಟರಿಗೆ ಎಷ್ಟು ಅಡಿ ದೂರ, ಇಷ್ಟನ್ನು ಕೆಳಗೆ ಬರೆಯಿರಿ. ಬ್ಯಾಟರಿ ಎಲ್ಲಿ ಕೂರಬೇಕು, ಕೇಬಲ್ ಎಷ್ಟು ದಪ್ಪ ಬೇಕು ಅಂತ ಲೆಕ್ಕ ಹಾಕಿ ಕೊಡುತ್ತೇನೆ.