‘ಅವರು ಬಿಡಿಸಲಿಲ್ಲ, ನಾನೇ ಬರೆದುಕೊಟ್ಟೆ’: ಗರ್ಭಿಣಿ ಕಾರ್ಮಿಕೆಯ ರಾಜೀನಾಮೆ

ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್ ಮತ್ತು ಮಾಲೂರಿನ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ತಮಗೆ ಅನ್ಯಾಯವಾಗಿದೆ ಎಂದು ಹೇಳಿಕೊಂಡು ಆಪ್ತಸಲಹೆಗೆ ಬರುವುದು ಅಪರೂಪ. ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ, ಮನೆಯವರ ಮೇಲೆ ಸುಮ್ಮನೆ ರೇಗುತ್ತೇನೆ ಎನ್ನುತ್ತಾ ಬರುತ್ತಾರೆ. ಬಸಿರಾದ ಮೇಲೆ ಕೆಲಸ ಕಳೆದುಕೊಂಡವರ ವಿಷಯದಲ್ಲಂತೂ ಇದು ಎಷ್ಟು ಸಲ ಮರುಕಳಿಸಿದೆಯೆಂದರೆ, ಒಂದು ಪ್ರಕರಣವನ್ನಾದರೂ ಬರೆದಿಡಬೇಕೆನ್ನಿಸಿತು. ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.

ರತ್ನ ಪಿಯುಸಿ ಮುಗಿಸಿ, ಗುತ್ತಿಗೆದಾರರೊಬ್ಬರ ಮೂಲಕ ಬಿಡಿಭಾಗ ಜೋಡಿಸುವ ಕಾರ್ಖಾನೆಗೆ ಸೇರಿದ್ದರು. ಬಸಿರಿನ ಐದನೆಯ ತಿಂಗಳಿನಲ್ಲಿ ಕೆಲಸ ಬಿಟ್ಟು ಮನೆಯಲ್ಲಿದ್ದ ಅವರನ್ನು ಊರಿನ ಆಶಾ ಕಾರ್ಯಕರ್ತೆ ಕರೆತಂದರು. ಬಸುರಿಯರಿಗೆ ಇಂಥದ್ದೆಲ್ಲ ಸಹಜ, ನಾಲ್ಕು ಧೈರ್ಯದ ಮಾತು ಹೇಳಿ ಕಳಿಸಿ ಎಂಬುದು ಜೊತೆಗೆ ಬಂದಿದ್ದ ಅತ್ತೆಯ ಕೋರಿಕೆಯಾಗಿತ್ತು.

ಎರಡನೆಯ ಭೇಟಿಯಲ್ಲಿ ಕೆಲಸ ಹೇಗೆ ಹೋಯಿತೆಂದು ಕೇಳಿದೆ. “ಅವರು ಬಿಡಿಸಲಿಲ್ಲ ಮೇಡಂ, ನಾನೇ ಬರೆದುಕೊಟ್ಟೆ. ಲೈನ್ ನೋಡ್ಕೊಳ್ಳೋ ಅಣ್ಣ ನನ್ನ ಒಳ್ಳೇದಕ್ಕೇ ಹೇಳಿದ್ರು” ಎಂದರು. ಎಂಟು ಗಂಟೆ ನಿಂತು ಮಾಡುವ ಕೆಲಸ, ಮಗುವಿಗೆ ಏನಾದರೂ ಆದರೆ ನಾಳೆ ನಮ್ಮನ್ನೇ ದೂರುತ್ತೀಯ, ಹೆರಿಗೆ ಮುಗಿಸಿಕೊಂಡು ಬಾ, ಮತ್ತೆ ತೆಗೆದುಕೊಳ್ಳೋಣ ಎಂದು ಆತ ಸಮಾಧಾನವಾಗಿಯೇ ಹೇಳಿದ್ದನಂತೆ. ಬರೆದುಕೊಟ್ಟ ಕಾಗದದ ಫೋಟೋ ಅವರ ಮೊಬೈಲಿನಲ್ಲಿತ್ತು. ವೈಯಕ್ತಿಕ ಕಾರಣಗಳಿಂದ ಸ್ವಇಚ್ಛೆಯಿಂದ ರಾಜೀನಾಮೆ ನೀಡುತ್ತಿದ್ದೇನೆ ಎಂಬ ಒಕ್ಕಣೆಯನ್ನು ಮೊದಲೇ ಇಂಗ್ಲಿಷಿನಲ್ಲಿ ಟೈಪ್ ಮಾಡಲಾಗಿತ್ತು. ಹೆಸರು, ದಿನಾಂಕ ಮತ್ತು ಸಹಿ ಮಾತ್ರ ರತ್ನ ಅವರ ಕೈಬರಹ.

ಆ ದಿನ ಬೆಳಿಗ್ಗೆ ಕಂಪನಿ ಬಸ್ಸು ಹತ್ತುವಾಗ ಕೆಲಸ ಬಿಡುವ ಯೋಚನೆ ಇತ್ತೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇಲ್ಲ ಮೇಡಂ, ಆವತ್ತು ಓಟಿ ಇರುತ್ತೆ ಅಂತ ಎರಡು ಹೊತ್ತಿಗಾಗೋಷ್ಟು ಬುತ್ತಿ ಕಟ್ಕೊಂಡು ಹೋಗಿದ್ದೆ” ಎಂದರು. ಹೇಳುತ್ತಿದ್ದಂತೆ ಅಳು ಬಂತು, ಅತ್ತೆಯೂ ಮಾತಾಡಲಿಲ್ಲ. ಎರಡು ಹೊತ್ತಿನ ಬುತ್ತಿ ಕಟ್ಟಿಕೊಂಡು ಹೋದವರು ನಡುಮಧ್ಯಾಹ್ನ ಸ್ವಇಚ್ಛೆಯಿಂದ ಕೆಲಸ ಬಿಟ್ಟರೆಂದರೆ ಯಾರು ನಂಬಬೇಕು? ನಿದ್ದೆಗೇಡಿನ ಮೂಲ ಇಲ್ಲಿತ್ತು. ತನ್ನ ಕೈಯಾರೆ ತಾನೇ ಕೆಲಸ ಕಳೆದುಕೊಂಡೆ ಎಂಬ ತಪ್ಪಿತಸ್ಥ ಭಾವವನ್ನು ಅವರು ತಿಂಗಳಿನಿಂದ ಹೊತ್ತು ತಿರುಗುತ್ತಿದ್ದರು.

ನಾನು ಕೊಟ್ಟ ಸಲಹೆ ಹೀಗಿತ್ತು. ಸಹಿ ಮನಸ್ಸೊಪ್ಪಿ ಹಾಕಿದ್ದಲ್ಲ, ರಾಜೀನಾಮೆಯನ್ನು ಹಿಂಪಡೆಯುತ್ತಿದ್ದೇನೆ, ಹೆರಿಗೆ ರಜೆ ಬೇಕು ಎಂದು ಕನ್ನಡದಲ್ಲೇ ಬರೆದು, ತಾಯಿ ಕಾರ್ಡಿನ ಪ್ರತಿಯೊಂದಿಗೆ ಗುತ್ತಿಗೆದಾರರಿಗೂ ಕಾರ್ಖಾನೆಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳುವುದು. ಒಂದು ಪ್ರತಿಯನ್ನು ಕೋಲಾರದ ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಕೊಡುವುದು. ಸಂಬಳದ ಚೀಟಿಗಳನ್ನೂ ಇಎಸ್‌ಐ (ನೌಕರರ ರಾಜ್ಯ ವಿಮೆ) ಸಂಖ್ಯೆಯನ್ನೂ ಹುಡುಕಿಟ್ಟುಕೊಳ್ಳುವುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗುವುದು. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ವರಮಾನ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ.

ಆಪ್ತಸಲಹೆಗಾರರು ಮನಸ್ಸನ್ನು ನೋಡಿಕೊಳ್ಳಬೇಕು, ಕಾನೂನು ವಕೀಲರ ಪಾಡಿಗಿರಲಿ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದ್ದಾರೆ. ನಾನು ಒಪ್ಪುವುದಿಲ್ಲ. ನೋವಿನ ಕಾರಣ ಕಾರ್ಖಾನೆಯಲ್ಲಿರುವಾಗ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದರೆ, ದೋಷ ಆಕೆಯ ಮನಸ್ಸಿನಲ್ಲೇ ಇದೆ ಎಂದು ನಾನೂ ಸಹಿ ಹಾಕಿದಂತಾಗುತ್ತದೆ.

ಕಾನೂನೇನೋ ಸ್ಪಷ್ಟವಾಗಿದೆ. ಆಗ ಅನ್ವಯವಾಗುತ್ತಿದ್ದ 1961ರ ಹೆರಿಗೆ ಸೌಲಭ್ಯ ಕಾಯ್ದೆಯಂತೆ, ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ, ಮೊದಲೆರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಸಿಗುತ್ತದೆ. ಆ ರಜೆಯ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ರಕ್ಷಣೆ ಉಳಿದಿದೆ. ಇಎಸ್‌ಐ ವ್ಯಾಪ್ತಿಯವರಿಗೆ ಹಣ ವಿಮಾ ನಿಗಮದಿಂದಲೇ ಬರುವುದರಿಂದ, ಸಂಬಳ ಕೊಟ್ಟು ಕೂರಿಸಲು ನಮ್ಮಿಂದಾಗದು ಎಂಬ ಗುತ್ತಿಗೆದಾರರ ಗೋಳಿಗೆ ಅರ್ಥವಿಲ್ಲ. ಗುತ್ತಿಗೆಯವರಿಗೆ ಈ ಹಕ್ಕಿಲ್ಲ ಎಂಬ ಮಾತಂತೂ ಹಸಿ ಸುಳ್ಳು. ದಿನಗೂಲಿಯ ಮಹಿಳೆಯರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲಿ ದೆಹಲಿ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಹೇಳಿತು. ಗುತ್ತಿಗೆಯ ಅವಧಿ ನಡುವೆ ಮುಗಿದರೂ ಸೌಲಭ್ಯ ನಿಲ್ಲದೆಂದು 2023ರಲ್ಲಿ ತೀರ್ಪಿತ್ತಿತು.

ಈ ಕಾಯ್ದೆಗಳ ಕೈಗೆ ಸಿಗದಿರಲೆಂದೇ ರಾಜೀನಾಮೆಯ ಉಪಾಯ ಹುಟ್ಟಿಕೊಂಡಿದೆ. 1981ರಲ್ಲಿ ಏರ್ ಇಂಡಿಯಾದ ಗಗನಸಖಿಯರ ಪ್ರಕರಣದಲ್ಲಿ, ಮೊದಲ ಬಸಿರಿಗೇ ಕೆಲಸ ಮುಗಿಯಿತೆಂಬ ನಿಯಮವನ್ನು ಸುಪ್ರೀಂ ಕೋರ್ಟ್ ರದ್ದುಮಾಡಿತು. ಈಗ ಅಂಥ ನಿಯಮವನ್ನು ಯಾರೂ ಬರೆದಿಡುವುದಿಲ್ಲ. ಅಕ್ಕರೆಯ ದನಿಯಲ್ಲಿ ಹೇಳುತ್ತಾರೆ, ಬರೆಯುವ ಕೆಲಸವನ್ನು ಹೆಣ್ಣಿನ ಕೈಯಿಂದಲೇ ಮಾಡಿಸುತ್ತಾರೆ. ಆ ಮೇಲ್ವಿಚಾರಕನದು ಕಪಟವೆಂದು ನಾನು ಹೇಳಲಾರೆ, ಅವನಿಗೂ ಮೇಲಿನವರಿಂದ ಒತ್ತಡವಿದ್ದೀತು. ನಿಜವಾದ ಕಾಳಜಿಯಿದ್ದಿದ್ದರೆ ಕೂತು ಮಾಡುವ ಕೆಲಸ ಕೊಡಬಹುದಿತ್ತು.

ಬೇರೆ ತಾರತಮ್ಯಗಳಿಗೂ ಬೇರೆಬೇರೆ ಕಾಯ್ದೆಗಳಿವೆ. ಒಂದೇ ಕೆಲಸಕ್ಕೆ ಹೆಣ್ಣಿಗೆ ಕಡಿಮೆ ಕೂಲಿ ಕೊಡುವುದನ್ನು 1976ರಿಂದಲೇ ನಿಷೇಧಿಸಲಾಗಿದೆ; ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ, ಅಂಗವಿಕಲರಿಗೆ 2016ರದು, ಎಚ್‌ಐವಿ ಪೀಡಿತರಿಗೆ 2017ರದು, ಜಾತಿ ನಿಂದನೆ ಮತ್ತು ದೌರ್ಜನ್ಯಕ್ಕೆ 1989ರದು ಇದೆ. ಖಾಸಗಿ ಉದ್ಯೋಗದ ಎಲ್ಲ ತಾರತಮ್ಯಕ್ಕೂ ಅನ್ವಯಿಸುವ ಒಂದೇ ಕಾಯ್ದೆ ನಮ್ಮಲ್ಲಿಲ್ಲ. ಹಾಗಾಗಿ ಏನಾಯಿತು, ಯಾರು ಏನೆಂದರು ಎಂಬುದನ್ನು ಅಂದೇ ಬರೆದಿಟ್ಟುಕೊಳ್ಳಿ, ಓದಲಾಗದ ಕಾಗದಕ್ಕೆ ಸಹಿ ಹಾಕಬೇಡಿ, ಮನೆಯವರನ್ನು ಕೇಳಿ ನಾಳೆ ಹೇಳುತ್ತೇನೆ ಎಂದು ಎದ್ದು ಬನ್ನಿ ಎಂದು ಎಲ್ಲರಿಗೂ ಹೇಳುತ್ತೇನೆ.

ರತ್ನ ಅವರ ಪತ್ರಕ್ಕೆ ಗುತ್ತಿಗೆದಾರರು ಮೊದಲು ಉತ್ತರಿಸಲಿಲ್ಲ. ಕಾರ್ಮಿಕ ಅಧಿಕಾರಿಗಳು ವಿಚಾರಿಸಿದ ಮೇಲೆ ರಾಜೀನಾಮೆಯನ್ನು ಕೈಬಿಟ್ಟು ರಜೆ ಎಂದು ತೋರಿಸಿದರು. ಇಎಸ್‌ಐ ಹಣ ತಡವಾಗಿ ಬಂತು. ಹೆರಿಗೆಯ ನಂತರ ಅವರು ಪ್ಯಾಕಿಂಗ್ ವಿಭಾಗಕ್ಕೆ ಮರಳಿದ್ದಾರೆ. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದು ಕಾನೂನು ಹೇಳುತ್ತದೆ, ಆದರೆ ಮಗು ಇರುವುದು ಊರಿನಲ್ಲಿ. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು. ಅದನ್ನು ಕೇಳುವ ಅರ್ಜಿಗೆ ಇನ್ನೂ ಐವರು ತಾಯಂದಿರು ಸಹಿ ಹಾಕಿದ್ದಾರೆ, ಈ ಬಾರಿ ಕನ್ನಡದಲ್ಲಿ, ಪೂರ್ತಿ ಓದಿಕೊಂಡು.