ಹೈಫಾಗೆ ಹೊರಡುವ ಮುಂಚೆ ಅಜ್ಜಿಗೊಂದು ಫೋನ್ ಮಾಡಿ

ತಂಗಿ, ಟೆಲ್ ಅವೀವ್‌ಗೆ ಕೇರ್‌ಗಿವರ್ ಆಗಿ ಬಂದು ಇನ್ನೂ ತಿಂಗಳಾಗಿಲ್ಲ, ಆಗಲೇ ಅಜ್ಜಿಯ ತಾತನ ಸಮಾಧಿ ಹುಡುಕಬೇಕು ಅಂದಿದ್ದೀರಿ. ಓದಿ ಮನಸ್ಸು ತುಂಬಿ ಬಂತು. ಮೊದಲ ಮಹಾಯುದ್ಧಕ್ಕೆ ಮೈಸೂರು ಮಹಾರಾಜರ ಕುದುರೆ ಪಡೆಯಲ್ಲಿ ಹೋದವರು ವಾಪಸ್ ಬರಲಿಲ್ಲ, ಹೈಫಾದಲ್ಲೇ ಇರಬೇಕು, ಹೋಗಿಬರಲು ರಜೆ ಸಿಗುತ್ತಾ ಅಂತ ಕೇಳಿದ್ದೀರಿ.

ವಾರದ ರಜೆ ಶಬ್ಬಾತ್ ದಿನ, ಅಂದರೆ ಯಹೂದಿಗಳು ಕೆಲಸ ನಿಲ್ಲಿಸುವ ಶನಿವಾರ ಬಿದ್ದರೆ ರೈಲು ಇರುವುದಿಲ್ಲ. ಒಂದು ವಾರದ ಮಟ್ಟಿಗೆ ಬೇರೆ ದಿನ ಕೊಡಿ ಎಂದು ಮನೆಯವರನ್ನು ಕೇಳಿ. ಕಾರಣವನ್ನೂ ಬಿಡಿಸಿ ಹೇಳಿ. ನಾಜಿಗಳ ನರಮೇಧದಿಂದಾಗಿ ತಮ್ಮ ಅಜ್ಜ-ಅಜ್ಜಿಯನ್ನು ಎಲ್ಲಿ ಮಣ್ಣು ಮಾಡಿದರು ಅಂತಲೇ ಗೊತ್ತಿಲ್ಲದವರು ಈ ದೇಶದಲ್ಲಿ ಎಷ್ಟೋ ಮಂದಿ. ನಿಮ್ಮ ಸಂಕಟ ಅವರಿಗೆ ಬೇಗ ಅರ್ಥವಾಗುತ್ತೆ.

ಆದರೆ ರೈಲು ಹತ್ತುವ ಮುಂಚೆ ಹೆಸರು ಹುಡುಕಿ. ಯುದ್ಧದಲ್ಲಿ ತೀರಿಕೊಂಡ ಸೈನಿಕರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟಿನಲ್ಲಿ ದುಡ್ಡಿಲ್ಲದೆ ಹುಡುಕಬಹುದು. ಹೆಸರು ಹಾಕಬೇಡಿ, ನಮ್ಮವರ ಹೆಸರನ್ನು ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಬರೆದುಕೊಂಡಿದ್ದಾರೆ. ಮೈಸೂರು ಲ್ಯಾನ್ಸರ್ಸ್ ಅಂತ ಪಡೆಯ ಹೆಸರು ಹಾಕಿ, ಬಂದ ಪಟ್ಟಿಯನ್ನು ಒಂದೊಂದಾಗಿ ಓದಿ. ಎಷ್ಟೋ ಕಡೆ ತಂದೆ ಹೆಸರು, ಊರು ಕೂಡ ಇರುತ್ತೆ. ಹಾಗಾಗಿ ಆ ತಾತನ ಅಪ್ಪನ ಹೆಸರೇನು, ಯಾವ ಊರು, ಯಾವ ತಾಲ್ಲೂಕು ಅಂತ ಅಜ್ಜಿಯನ್ನು ಇವತ್ತೇ ಕೇಳಿ. ಅವರ ನೆನಪಿನಲ್ಲಿರೋದು ಬೇರೆಲ್ಲೂ ಸಿಗಲ್ಲ.

ಹೈಫಾ ಒಂದೇ ಅಂತ ಪಟ್ಟು ಹಿಡಿಯಬೇಡಿ. 1918ರ ಸೆಪ್ಟೆಂಬರ್ 23ರಂದು ಮೈಸೂರು, ಜೋಧಪುರದ ಸವಾರರು ಹೈಫಾ ಗೆದ್ದರು, ನಿಜ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಅಕ್ಟೋಬರ್ 26ಕ್ಕೆ ಸಿರಿಯಾದ ಅಲೆಪ್ಪೊ ಹತ್ತಿರದ ಹರಿತಾನ್‌ನಲ್ಲಿ ಮತ್ತೆ ಕಾದಾಡಿದರು. ಆ ತಿಂಗಳು ಮಲೇರಿಯಾ, ಇನ್‌ಫ್ಲುಯೆಂಜಾ ಬಂದು ಆ ಸೈನ್ಯದಲ್ಲಿ ಸತ್ತವರು ಕಡಿಮೆಯಿಲ್ಲ. ಅದಕ್ಕೂ ಮುಂಚೆ ಈಜಿಪ್ಟಿನ ಸುಯೆಜ್ ಕಾಲುವೆ ಕಾವಲಿಗಿದ್ದರು. ಈಜಿಪ್ಟ್, ಸಿರಿಯಾ ಎರಡೂ ನೋಡಿ.

ಇನ್ನೊಂದು ಮಾತು, ಮನಸ್ಸು ಗಟ್ಟಿ ಮಾಡಿಕೊಂಡು ಓದಿ. ಮುಸ್ಲಿಂ ಸವಾರರನ್ನು ದಫನ್ ಮಾಡಿದರು, ಹಿಂದೂಗಳನ್ನು ಸುಟ್ಟರು. ಅಜ್ಜಿಯ ತಾತನಿಗೆ ಸಮಾಧಿಯೇ ಇಲ್ಲದಿರಬಹುದು, ಬರೀ ಹೆಸರು ಇರಬಹುದು. ಈಜಿಪ್ಟ್, ಪ್ಯಾಲೆಸ್ಟೈನ್‌ನಲ್ಲಿ ತೀರಿಕೊಂಡ ಸುಮಾರು 4,000 ಭಾರತೀಯರ ಸ್ಮಾರಕ ಮೊದಲು ಸುಯೆಜ್ ಬಳಿಯ ಪೋರ್ಟ್ ತೌಫೀಕ್‌ನಲ್ಲಿತ್ತು. ಇಸ್ರೇಲ್-ಈಜಿಪ್ಟ್ ಯುದ್ಧಗಳಲ್ಲಿ ಅದು ಹಾಳಾಯಿತು; 1980ರಲ್ಲಿ ಆ ಹೆಸರುಗಳನ್ನು ಕೈರೋದ ಹೆಲಿಯೊಪೊಲಿಸ್‌ನಲ್ಲಿ ಮತ್ತೆ ಕೆತ್ತಿಸಿದರು.

ಏನೇ ಆದರೂ ಹೈಫಾದ ಜಾಫಾ ರಸ್ತೆಯ ಭಾರತೀಯ ಸ್ಮಶಾನಕ್ಕೆ ಒಮ್ಮೆ ಹೋಗಿಬನ್ನಿ. ನಿಮ್ಮವರು ಅಲ್ಲಿಲ್ಲದಿದ್ದರೂ ಅವರ ಜೊತೆಗಾರರಿದ್ದಾರೆ. ಪಟ್ಟಿ ನೋಡುವಾಗ ತೊಡಕಾದರೆ ಬರೆಯಿರಿ, ಇಬ್ಬರೂ ಕೂತು ಓದೋಣ.