ಫ್ಯಾನ್ ವಿಮಾನ ಬ್ಯಾಡ ಅಂದ್ರ ಹ್ಯಾಂಗ್ರಿ?

ಸಿಂಧನೂರಿನ ಓದುಗರೊಬ್ಬರು ಸಿಟ್ಟಿನಾಗ ಪತ್ರ ಬರದಾರ. ಯರಮರಸ್‌ನಾಗ ರಾಯಚೂರಿನ ಏರ್‌ಪೋರ್ಟ್ ಆಗ್ತೈತಿ ಅಂದ್ರ ಸಂತೋಷ, ಆದ್ರ "ಆ ಹಳೇ ಫ್ಯಾನ್ ವಿಮಾನ (ಪ್ರೊಪೆಲ್ಲರ್ ಇರೋದು) ಕಳಿಸಿ ಕೈ ತೊಳ್ಕೊಳ್ಳೋದು ಬ್ಯಾಡ, ಜೆಟ್ಟೇ ಬರ್ಬೇಕು, ನಮ್ಮ ಭಾಗದವ್ರು ಅಂದ್ರ ಅಷ್ಟು ಸಸಾರ ಏನು" ಅಂತ ಅವರ ಕೇಳಿಕೆ.

ಯಜಮಾನ್ರ, ನಿಮ್ಮ ಸಿಟ್ಟು ನನಗೂ ಐತಿ, ಅದಕ್ಕ ಈ ಪತ್ರಾನೇ ಆರಿಸಿದೆ. ಜೆಟ್ ಒಳಗ ಸದ್ದು ಕಡಿಮಿ, ಕೆಟ್ಟ ಮೋಡ ಇದ್ರ ಅದರ ಮ್ಯಾಲಿಂದ ಹೋಗ್ತೈತಿ, ಎಂಬ್ರೇರ್ 175 ಅನ್ನೋ ಸಣ್ಣ ಜೆಟ್ಟಿನಾಗ ಈ ಕಡೆ ಎರಡು ಆ ಕಡೆ ಎರಡು ಸೀಟು, ನಡು ಸೀಟಿನ ಕಾಟ ಇಲ್ಲ (ಎಟಿಆರ್ ಅನ್ನೋ ಫ್ಯಾನ್ ವಿಮಾನದಾಗೂ ಹಂಗೇ ಐತಿ, ಇರ್ಲಿ). ಇಷ್ಟು ಒಪ್ಪಿದೆ.

ಆದ್ರ ಹಳೇದು ಅಂದ್ರಲ್ಲ, ಅಲ್ಲಿ ತಡಕೊಳ್ಳಾಕ ಆಗ್ಲಿಲ್ಲ. ಈಗಿನ ಎಟಿಆರ್ 72-600 ಸೇವೆಗೆ ಬಂದಿದ್ದು 2011ರಾಗ, ನೀವು ಹೊಸಾದು ಅಂತ ಕೈ ಮುಗಿಯೋ ಎಂಬ್ರೇರ್ 175 ಬಂದಿದ್ದು 2005ರಾಗ. ಆ ಫ್ಯಾನ್ ತಿರುಗಿಸೋದೂ ಟರ್ಬೈನೇ ರೀ, ಸುಡೋದೂ ಅದೇ ಎಣ್ಣಿ. ಜೆಟ್ ಸ್ವಲ್ಪ ಗಾಳೀನ ಜೋರಾಗಿ ತಳ್ತೈತಿ, ಇದು ಬಹಳ ಗಾಳೀನ ನಿಧಾನಕ್ಕ ತಳ್ತೈತಿ, ತಾಸಿಗೆ ಐನೂರು ಕಿಲೋಮೀಟರ್ ಸ್ಪೀಡಿಗೆ ಈ ಎರಡನೇದ್ರಾಗೇ ಎಣ್ಣಿ ಉಳಿಯೋದು. ಜೆಟ್ಟಿಗೆ ಮೂವತ್ತೈದು ಸಾವಿರ ಅಡಿ ಮ್ಯಾಲ ಹೋದಾಗ ಹಿತ, ರಾಯಚೂರಿಂದ ಬೆಂಗಳೂರು ಗಾಳಿ ದಾರಿಯಾಗ ಮುನ್ನೂರು ಚಿಲ್ಲರೆ ಕಿಲೋಮೀಟರ್, ಹೈದರಾಬಾದ್ ಅಂತೂ ಇನ್ನೂರೂ ಇಲ್ಲ, ಅಷ್ಟು ಮ್ಯಾಲ ಏರೋದ್ರಾಗ ಇಳಿಯೋ ಹೊತ್ತಾಗಿರ್ತೈತಿ, ಅದಕ್ಕ ಕೆಳಗಡೇನೇ ಹಾರಬೇಕು, ಕೆಳಗ ಹಾರಿದ್ರ ಎಣ್ಣಿ ಗಟಗಟ ಕುಡಿತೈತಿ. ಎಟಿಆರ್ ಕಂಪನಿಯವ್ರು ಜೆಟ್‌ಗಿಂತ 45% ಎಣ್ಣಿ ಉಳಿತೈತಿ ಅಂತಾರ, ಮಾರೋರ ಮಾತು, ಸ್ವಲ್ಪ ಕಳದೇ ಲೆಕ್ಕ ಹಾಕ್ರಿ, ಆದ್ರೂ ಕಡಿಮಿ ಏನಲ್ಲ. ಜೆಟ್ಟಿನಿಂದ ನಿಮಗ ಉಳಿಯೋದು ಏನಂದ್ರ ಒಂದು ಹತ್ತು ನಿಮಿಷ.

ಪತ್ರದಾಗ ನೇಪಾಳದ ಪೋಖರಾ ವಿಮಾನ ಅಪಘಾತ ನೆನಪು ಮಾಡೀರಿ. 2023ರ ಜನವರಿಯಾಗ ಆಗಿದ್ದು ಎಟಿಆರೇ, ಹೌದು. ಆದ್ರ ತನಿಖೆಯಾಗ ಬಂದಿದ್ದು ಏನು, ಇಳಿಯೋ ಹೊತ್ತಿನಾಗ ಬ್ಯಾರೆ ಲಿವರ್ ಎಳೆದು ಎರಡೂ ಪ್ರೊಪೆಲ್ಲರ್ ನಿಷ್ಕ್ರಿಯ ಆದ್ವು ಅಂತ. ಅದಕ್ಕ ಫ್ಯಾನ್ ಅನ್ನೋ ಜಾತೀನೇ ಬ್ಯಾಡ ಅಂದ್ರ ಹ್ಯಾಂಗ?

ನಾನು ಮೊದಲನೇ ಸಲ ಎಟಿಆರ್ ಹತ್ತಿದ್ದು ತೋರಣಗಲ್ಲಿನ ವಿದ್ಯಾನಗರದಾಗ, ಟ್ರೂಜೆಟ್ ಅನ್ನೋ ಕಂಪನಿ ವಿಮಾನ ಓಡ್ತಿದ್ದ ಕಾಲ. ಏಪ್ರಿಲ್ ತಿಂಗಳು, ಬಳ್ಳಾರಿ ಬಿಸಲು ಗೊತ್ತೈತೆಲ್ಲ. ಇದಕ್ಕ ಹಿಂದಿನ ಬಾಗಿಲದಾಗ ಹತ್ತಬೇಕು, ಮುಂದ ಲಗೇಜ್ ಇಡ್ತಾರ. ಬಲಗಡೆ ಕಿಟಕಿಗೆ ಕೂತಿದ್ದ ಮುದುಕಪ್ಪ ಒಬ್ಬ "ತಮ್ಮಾ, ಸದ್ದು ಬರ್ತೈತಿ, ಫ್ಯಾನ್ ತಿರುಗವಲ್ದಲ್ಲ" ಅಂತ ಗಾಬರಿ ಬಿದ್ದ. ಆಮ್ಯಾಲ ಕೇಳಿದಾಗ ಗೊತ್ತಾತು, ಜೆಟ್ಟಿಗೆ ಇರೋಹಂಗ ಈ ವಿಮಾನಕ್ಕ ಬಾಲದಾಗ ಸಣ್ಣ ಎಂಜಿನ್ ಇಲ್ಲ, ಅದಕ್ಕ ಬಲಗಡೆ ಫ್ಯಾನಿಗೆ ಬ್ರೇಕ್ ಹಾಕಿ ಎಂಜಿನ್ ಅಷ್ಟೇ ಓಡಿಸಿ ಕರೆಂಟು, ಎಸಿ ತಗೋತಾರ, ಹೋಟೆಲ್ ಮೋಡ್ ಅಂತಾರ. ಹೋಟೆಲ್ ಹೆಸರಷ್ಟೇ, ಒಳಗ ಒಗ್ಗಾಣಿ ಅಂಗಡಿ ಒಲಿ ಮುಂದ ಕೂತಂಗ ಬೆವತು ಹೋದ್ವಿ! ಆದ್ರ ಎದ್ದ ಮ್ಯಾಲ ನೋಡ್ರಿ, ರೆಕ್ಕಿ ಮ್ಯಾಲಗಡೆ ಇರೋದ್ರಿಂದ ಕಿಟಕಿಗೆ ಏನೂ ಅಡ್ಡ ಇಲ್ಲ, ಸಂಡೂರು ಗುಡ್ಡ ಕೆಂಪಗ ಕೊರದಿದ್ದು, ದೂರಕ್ಕ ತುಂಗಭದ್ರಾ ಡ್ಯಾಮಿನ ನೀರು ತಳಕ್ಕ ಹೋಗಿದ್ದು, ಎಲ್ಲಾ ಕಂಡ್ತು. ಮುದುಕಪ್ಪ ಹೆದರಿಕಿ ಮರತು ಕಿಟಕಿಗೆ ಹಣಿ ಹಚ್ಚಿದವ ಇಳಿಯೋತನಕ ತೆಗೀಲಿಲ್ಲ.

ಇನ್ನೊಂದು ಮಾತು. ನಮ್ಮ ದೇಶದಾಗ 80 ಸೀಟಿನ ಒಳಗಿನ ವಿಮಾನಕ್ಕ ಬಹಳ ಕಡೆ ಲ್ಯಾಂಡಿಂಗ್ ಚಾರ್ಜ್ ಮಾಫಿ, ಅದಕ್ಕೇ ಇಂಡಿಗೋ ಎಟಿಆರ್‌ಗೆ 78 ಸೀಟು, ಸ್ಟಾರ್ ಏರ್‌ನ ಎಂಬ್ರೇರ್‌ಗೆ 76. ಅಂದ್ರ ಸೀಟು ಹೆಚ್ಚೂಕಡಿಮಿ ಅಷ್ಟೇ, ಎಣ್ಣಿ ಖರ್ಚು ಬ್ಯಾರೆ. ಉಡಾನ್ (ಸಣ್ಣ ಊರಿಗೆ ವಿಮಾನ ಓಡಿಸೋ ಕೇಂದ್ರದ ಯೋಜನೆ) ಸಬ್ಸಿಡಿ ಇರೋತನಕ ಯಾವುದಾದ್ರೂ ಹಾರ್ತೈತಿ, ಸಬ್ಸಿಡಿ ಮುಗಿದ ಮ್ಯಾಲ ಅರ್ಧ ಖಾಲಿ ಸೀಟಿನಾಗ ಜೆಟ್ ಎಷ್ಟು ದಿನ ಹಾರಿಸ್ತಾರ ಹೇಳ್ರಿ?

ನಮ್ಮ ಮಂದಿಗೆ ಇದೊಂದು ಚಟ ಆಗೈತಿ. ದಿನಾ ಹೋಗೋದು ಬ್ಯಾಡ, ಫೋಟೋಕ್ಕ ಚಂದ ಇರೋದು ಬೇಕು. ವಂದೇ ಭಾರತ್ ಬೇಕು ಅಂತ ಮನವಿ ಕೊಡೋರು ಪ್ಯಾಸೆಂಜರ್ ಗಾಡಿ ಬೋಗಿ ತುಂಬಿ ಬಾಗಿಲಕ್ಕ ಜೋತು ಬಿದ್ದಿದ್ರ ಮಾತಾಡಂಗಿಲ್ಲ. ಬೆಂಗಳೂರಿಗೆ ಹೋಗಾಕ ನಾವು ಇವತ್ತಿಗೂ ಹಂಪಿ ಎಕ್ಸ್‌ಪ್ರೆಸ್‌ನಾಗ ಗುಂತಕಲ್ ಸುತ್ತು ಹಾಕ್ಕೊಂಡೇ ಹೋಗೋರು, ಟಿಕೆಟ್ ಸಿಕ್ರ ಪುಣ್ಯ. ಬಳ್ಳಾರಿಯವರಿಗೆ ವಿದ್ಯಾನಗರ ಮೂವತ್ತು ಕಿಲೋಮೀಟರ್ ಮ್ಯಾಲೈತಿ, ಅದಿರಿನ ಲಾರಿ ಹಿಂದ ಸಿಕ್ಕೊಂಡ್ರ ಜೆಟ್ ಉಳಿಸಿದ ಹತ್ತು ನಿಮಿಷ ಕುಡುತಿನಿಯಾಗೇ ಹೋತು.

ನಿಮಗಂತೂ ಸಿಂಧನೂರಿಂದ ಯರಮರಸ್ ಎರಡು ತಾಸಿನ ಹಾದಿ. ಬೆಳಗಿನ ವಿಮಾನಕ್ಕ ಮುಟ್ಟಬೇಕಂದ್ರ ಮೊದಲ ಬಸ್ ಎಷ್ಟಕ್ಕ ಐತಿ? ಡಿಪೋದಾಗ ಕೇಳಿ ಮುಂದಿನ ಪತ್ರದಾಗ ಬರೀರಿ, ಅದನ್ನ ಇದಕ್ಕಿಂತ ದೊಡ್ಡದಾಗಿ ಹಾಕ್ತೀನಿ.

— ಸಂಪಾದಕ